ಕಂಡಕ್ಟರನ ಎಂಟು ವ್ಯಂಜನ

ನಿವೃತ್ತಿಯ ದಿನ ಶಾಲೆಯಿಂದ ನಾನು ಕೇಳಿ ತಂದದ್ದು ಒಂದೇ ವಸ್ತು: ಒಂದನೇ ತರಗತಿಯ ಗೋಡೆಯಲ್ಲಿದ್ದ ಹಳೆಯ ವರ್ಣಮಾಲೆಯ ಪಟ. ಬಟ್ಟೆಗೆ ಅಂಟಿಸಿದ ಕಾಗದ, ಮೇಲೆ ಕೆಳಗೆ ಮರದ ಕೋಲು. ಶಾಲೆಗೆ ಹೊಸ ಪಟ ಬಂದಿತ್ತು, ಹಾಗಾಗಿ ಯಾರೂ ಬೇಡ ಎನ್ನಲಿಲ್ಲ. ಅದನ್ನು ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟೆ. ಮತ್ತೆ ಬಿಚ್ಚಿದ್ದು ನಾಲ್ಕು ವರ್ಷದ ನಂತರ, ನನ್ನ ತಮ್ಮನ ನಾಲಗೆಯ ಮುಂಭಾಗವನ್ನು ಶಸ್ತ್ರಕ್ರಿಯೆಯಲ್ಲಿ ತೆಗೆದು ಮೂರು ತಿಂಗಳಾದಾಗ. ಅವನ ಬಾಯಲ್ಲಿ ಉಳಿದ ಸದ್ದುಗಳಷ್ಟರಿಂದಲೇ ಒಂದು ಭಾಷೆ ಮಾಡಲು ಸಾಧ್ಯವೇ ಎಂದು ನೋಡಬೇಕಾಗಿತ್ತು.

ಈಗ ಎಲ್ಲ ಒಂದು ಹದಕ್ಕೆ ಬಂದಿದೆ. ಆ ತಿಂಗಳುಗಳ ಬಗ್ಗೆ ನಿಧಾನವಾಗಿ, ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ನಾವು ಮಂಗಳೂರಿನಲ್ಲಿ, ಉರ್ವದ ಮಾರುಕಟ್ಟೆಯಿಂದ ಸ್ವಲ್ಪ ಒಳಗೆ ಇರುವವರು. ಮನೆಯಲ್ಲಿ ಮೂವರು: ಮದುವೆಯಾಗದ ನಾನು, ನನಗಿಂತ ಐದು ವರ್ಷ ಚಿಕ್ಕವನಾದ ತಮ್ಮ, ಅವನ ಹೆಂಡತಿ. ಅವಳು ಮನೆಯಲ್ಲೇ ಸೀರೆಗೆ ಫಾಲ್ಸ್ ಹೊಲಿಯುತ್ತಾಳೆ. ತಮ್ಮ ಇಪ್ಪತ್ತೆಂಟು ವರ್ಷ ಖಾಸಗಿ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಅದರಲ್ಲಿ ಇಪ್ಪತ್ತು ವರ್ಷ ಒಬ್ಬನೇ ಡ್ರೈವರನ ಜತೆ. ಇಬ್ಬರೂ ಒಂದೇ ವರ್ಷ ಬಸ್ಸು ಬಿಟ್ಟರು. ಡ್ರೈವರ್ ಊರಿನ ಇನ್ನೊಂದು ಬದಿಯ ಜೆಪ್ಪುವಿನಲ್ಲಿದ್ದಾರೆ. ಮಂಡಿ ನೋವಿನಿಂದ ಅವರಿಗೆ ಮೆಟ್ಟಿಲು ಹತ್ತಲಾಗದು. ಹಾಗಾಗಿ ತಮ್ಮನೇ ಪ್ರತಿ ಭಾನುವಾರ ಬಸ್ಸು ಹತ್ತಿ ಜೆಪ್ಪುವಿಗೆ ಹೋಗಿ, ಮಧ್ಯಾಹ್ನದವರೆಗೆ ಅವರ ಜಗಲಿಯಲ್ಲಿ ಕುಳಿತು ಬರುತ್ತಿದ್ದ. ಏನು ಮಾತಾಡುತ್ತೀರಿ ಎಂದು ಕೇಳಿದರೆ, "ಎಂತ ಇಲ್ಲಕ್ಕ, ಟೈಮಿಂಗ್ ವಿಷಯ," ಎನ್ನುತ್ತಿದ್ದ. ಬಿಟ್ಟು ಬಂದ ಕೆಲಸದಲ್ಲಿ ಯಾವ ಬಸ್ಸು ಯಾವ ನಿಮಿಷಕ್ಕೆ ಹೊರಡಬೇಕು ಎಂಬುದನ್ನು ವಾರ ವಾರ ಮಾತಾಡಲು ಏನಿದೆ ಎಂದು ನನಗೆ ಅನ್ನಿಸುತ್ತಿತ್ತು.

ಎಲೆಯಡಿಕೆಯ ಜತೆ ಹೊಗೆಸೊಪ್ಪು ಹಾಕುವುದು ಬಸ್ಸಿನ ಕಾಲದಿಂದ ಬಂದ ಚಾಳಿ. ನಾಲಗೆಯ ಎಡಬದಿಯಲ್ಲಿ ಹುಣ್ಣಾಗಿ ಎರಡು ತಿಂಗಳು ಮಾಯದೆ ಇದ್ದದ್ದನ್ನು ಮೊದಲು ಟಾರ್ಚ್ ಹಿಡಿದು ನೋಡಿದವರು ಪಕ್ಕದ ಮನೆಯ ಬಾಯಮ್ಮ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಾವು ಹಾಗೆಯೇ ಕರೆಯುವುದು. ಅವರು ಬಹಳ ವರ್ಷ ಗಲ್ಫಿನಲ್ಲಿ ನರ್ಸ್ ಆಗಿದ್ದವರು. ಟಾರ್ಚ್ ಆರಿಸಿದರು. "ನಾಳೆಯೇ ಹೋಗಿ. ನಾಡಿದ್ದು ಬೇಡ," ಎಂದರು. ಫಳ್ನೀರಿನ ಆಸ್ಪತ್ರೆಯಲ್ಲಿ ಹದಿನೈದು ದಿನದೊಳಗೆ ಶಸ್ತ್ರಕ್ರಿಯೆ ಆಯಿತು. ಮುಂಗೈಯಿಂದ ಚರ್ಮ ತೆಗೆದು ನಾಲಗೆಗೆ ಹೊಲಿದರು. ಜೀವಕ್ಕೆ ಭಯವಿಲ್ಲ ಎಂದರು. ಅದು ನಿಜವಾಯಿತು.

ಆದರೆ ಅವನ ಮಾತು ಹೋಯಿತು. ಗಂಟಲು ಸರಿ ಇತ್ತು, ತುಟಿ ಸರಿ ಇತ್ತು. ನಾಲಗೆಯ ತುದಿ ಎಂಬುದು ಮಾತ್ರ ಇರಲಿಲ್ಲ. ಮಾತಿನ ವ್ಯಾಯಾಮ ಕಲಿಸುವ ಡಾಕ್ಟರಮ್ಮ ತಾಳ್ಮೆಯಿಂದ ಹೇಳಿಕೊಟ್ಟರು. ಅಭ್ಯಾಸ ಮಾಡಿದರೆ ಎಷ್ಟೋ ಸರಿಯಾಗುತ್ತದೆ ಎಂದರು. ತಮ್ಮ ಎರಡು ವಾರ ಮಾಡಿದ. ಆಮೇಲೆ ಒಂದು ದಿನ ಅವನು ಹೇಳಿದ್ದು ಅರ್ಥವಾಗದೆ ಹಾಲು ಕೊಡುವವಳು ಮೂರು ಸಲ "ಎಂತ? ಎಂತ?" ಎಂದಳು. ಅಂದಿನಿಂದ ಅವನು ಹೊರಗಿನವರ ಮುಂದೆ ಬಾಯಿ ತೆರೆಯಲಿಲ್ಲ. ಜೆಪ್ಪುವಿಗೂ ಹೋಗಲಿಲ್ಲ. ಬಸ್ಸು ಹತ್ತಿದರೆ ಕಂಡಕ್ಟರ್ "ಎಲ್ಲಿಗೆ?" ಎಂದು ಕೇಳುತ್ತಾನೆ. ಇಡೀ ಊರಿಗೆ ಊರಿನ ಹೆಸರುಗಳನ್ನು ಕೂಗಿ ಹೇಳಿದವನು ಅದಕ್ಕೆ ಉತ್ತರ ಕೊಡಲಾಗದೆ ನಿಲ್ಲಬೇಕು. ಆಸ್ಪತ್ರೆಗೂ ರಿಕ್ಷಾದಲ್ಲೇ ಹೋಗುತ್ತಿದ್ದ. ಅದರಲ್ಲಿ ಹೆಂಡತಿ ಜಾಗ ಹೇಳುತ್ತಿದ್ದಳು.

ಡ್ರೈವರ್ ಮಾತ್ರ ಬಿಡಲಿಲ್ಲ. ಭಾನುವಾರ ಹತ್ತು ಗಂಟೆಗೆ ಫೋನ್ ಮಾಡುತ್ತಿದ್ದರು. ತಮ್ಮನ ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತಿದ್ದಳು.

"ಏಯ್ ಕಂಡಕ್ಟರ್, ಇದ್ದೀಯಾ? ನಿಂಗೆ ಮಾತಾಡ್ಲಿಕ್ಕೆ ಆಗುದಿಲ್ಲ, ನಂಗೆ ಕೇಳುದಿಲ್ಲ, ಒಳ್ಳೆ ಜೋಡಿ ಮಾರಾಯ! ಇರ್ಲಿ, ನಾನು ಹೇಳ್ತೇನೆ, ನೀನು ಕೇಳು."

ಎಂಜಿನಿನ ಪಕ್ಕದಲ್ಲಿ ಮೂವತ್ತು ವರ್ಷ ಕುಳಿತು ಅವರ ಕಿವಿ ಮಂದವಾಗಿತ್ತು. ಅರ್ಧ ಗಂಟೆ ತಾವೊಬ್ಬರೇ ಮಾತಾಡಿ, "ಆಯ್ತು, ಇಡ್ತೇನೆ," ಎಂದು ಇಡುತ್ತಿದ್ದರು. ತಮ್ಮ ಮೇಜಿನ ಮೇಲಿನ ಫೋನನ್ನೇ ನೋಡುತ್ತಾ ಕೂರುತ್ತಿದ್ದ. ಒಂದು ಭಾನುವಾರ ಫೋನ್ ನಿಂತ ಮೇಲೂ ಹಾಗೆಯೇ ಕುಳಿತಿದ್ದ. ಅವನ ಮುಖ ನೋಡಿದಾಗ ನನಗೆ ಸ್ಪಷ್ಟವಾಯಿತು: ಇವನನ್ನು ಹೇಗಾದರೂ ಜೆಪ್ಪುವಿನ ಜಗಲಿಗೆ ಮುಟ್ಟಿಸಬೇಕು. ಅಷ್ಟಾಗದಿದ್ದರೆ ಇವನು ಈ ಕುರ್ಚಿಯಲ್ಲೇ ಮುಗಿದುಹೋಗುತ್ತಾನೆ.

ಆ ಸಂಜೆ ಅವನು ನನ್ನನ್ನು ಕರೆದ. "ಅಕ್ಕ."

ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ನಾನು ಅಲ್ಲೇ ನಿಂತೆ. ಮೊದಲಿನಂತೆಯೇ ಇತ್ತು ಆ ಶಬ್ದ. ಅ, ಮತ್ತೆ ಕ. ಎರಡಕ್ಕೂ ನಾಲಗೆಯ ತುದಿ ಬೇಡ. ಮಕ್ಕಳಿಗೆ ಪ್ರತಿ ವರ್ಷ ಹೇಳಿಕೊಟ್ಟ ವಿಷಯವೇ ಅದು. ಕ ಗಂಟಲ ಹತ್ತಿರ ಹುಟ್ಟುತ್ತದೆ. ಚ ಅಂಗುಳಿನಲ್ಲಿ, ಟ ಇನ್ನೂ ಮೇಲೆ, ತ ಹಲ್ಲಿನಲ್ಲಿ, ಪ ತುಟಿಯಲ್ಲಿ. ವರ್ಣಮಾಲೆಯ ಸಾಲುಗಳು ಒಳಗಿನಿಂದ ಹೊರಗೆ ಬರುವ ಒಂದು ದಾರಿ. ನನ್ನ ತಮ್ಮನ ದಾರಿಯಲ್ಲಿ ನಡುವಿನ ಮೂರು ನಿಲ್ದಾಣಗಳು ಮುಚ್ಚಿದ್ದವು. ಮೊದಲನೆಯದೂ ಕೊನೆಯದೂ ತೆರೆದೇ ಇದ್ದವು.

ಮರುದಿನ ಪಟವನ್ನು ಮನೆಯ ಮುಂದಿನ ಕೋಣೆಯಾದ ಚಾವಡಿಯ ಗೋಡೆಗೆ ನೇತು ಹಾಕಿದೆ. ಬಾಯಮ್ಮ ಟಾರ್ಚ್ ಹಿಡಿದು ಬಂದರು. ತಮ್ಮನ ಕೈಗೆ ಕನ್ನಡಿ ಕೊಟ್ಟು ಒಂದೊಂದೇ ಅಕ್ಷರ ಹೇಳಿಸಿದೆ.

"ಇದು ಎಂತ ಟೀಚರೇ, ಪರೀಕ್ಷೆಯಾ?" ಎಂದರು ಬಾಯಮ್ಮ. "ಕಂಡಕ್ಟರ್ರೇ, ಬಾಯಿ ದೊಡ್ಡದು ಮಾಡಿ. ಬಸ್ಸಲ್ಲಿ ಎಷ್ಟು ದೊಡ್ಡದು ಮಾಡ್ತಿದ್ರಿ ನೀವು, ನಂಗೆ ಗೊತ್ತುಂಟು."

ಎರಡು ದಿನದಲ್ಲಿ ಲೆಕ್ಕ ಸಿಕ್ಕಿತು. ಸ್ಪಷ್ಟವಾಗಿ ಬರುವ ವ್ಯಂಜನ ಏಳು: ಕ, ಗ, ಪ, ಬ, ಮ, ವ, ಹ. ಸ್ವರಗಳಲ್ಲಿ ಅ, ಎ, ಒ, ಉ. ಇ ಎಂದರೆ ಎ ಆಗುತ್ತಿತ್ತು, ಆದ್ದರಿಂದ ಅದನ್ನು ಬಿಟ್ಟೆ. ಹ್ರಸ್ವ, ದೀರ್ಘ ಎರಡೂ ಬರುತ್ತಿದ್ದವು. ಇಷ್ಟರಿಂದ ನೂರಾರು ಪದ ಕಟ್ಟಬಹುದು. ಮನೆಯಲ್ಲಿ ಆಡುವ ತುಳು ಮಾತನ್ನೇ ಮುರಿದು ಹೇಳುವುದಕ್ಕಿಂತ, ಮುರಿಯಲು ಏನೂ ಇಲ್ಲದ ಹೊಸ ಪದಗಳನ್ನೇ ಮಾಡೋಣ ಎಂದೆ. ತಮ್ಮ ತಲೆಯಾಡಿಸಿದ. ಅವನಿಗೆ ಇಷ್ಟವಿತ್ತೋ, ಅಕ್ಕ ಹೇಳುತ್ತಾಳಲ್ಲ ಎಂದೋ, ಆಗ ನಾನು ಗಮನಿಸಲಿಲ್ಲ.

ಹತ್ತು ದಿನ ನಾನು ಬಹಳ ಸಂತೋಷದಿಂದ ಕೆಲಸ ಮಾಡಿದೆ. ಇನ್ನೂರು ಪುಟದ ನೋಟ್ ಪುಸ್ತಕಕ್ಕೆ ಗೆರೆ ಎಳೆದೆ. ತಿನ್ನುವ ವಸ್ತುಗಳೆಲ್ಲ ಪ ದಿಂದ ಶುರು, ಮೈಗೆ ಸಂಬಂಧಿಸಿದ್ದು ಮ ದಿಂದ, ಮನೆಯ ಸಾಮಾನು ಬ ದಿಂದ. ಪಪು ಎಂದರೆ ಅನ್ನ, ಪಬು ಎಂದರೆ ಸಾರು, ಪಮು ಎಂದರೆ ಗಂಜಿ. ಪಟದಲ್ಲಿ ಇವೆಯಲ್ಲ ಎಂದು ಖ, ಘ, ಭ ಗಳನ್ನೂ ಸೇರಿಸಿದೆ. ನಮ್ಮ ಮನೆಯಲ್ಲಿ ಇವತ್ತಿನವರೆಗೆ ಯಾರೂ ಭ ವನ್ನು ಭ ಎಂದು ಹೇಳಿದವರಲ್ಲ, ನಾನು ಶಾಲೆಯಲ್ಲಿ ಹೇಳಿದ್ದು ಬಿಟ್ಟರೆ. ಆದರೂ ಸೇರಿಸಿದೆ. ಬಿಟ್ಟರೆ ಅಪೂರ್ಣ ಎನ್ನಿಸಿತು.

ಇಲ್ಲಿ ನಾನು ಮಾಡಿದ ತಪ್ಪನ್ನು ಸರಿಯಾಗಿ ಬರೆಯಬೇಕು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಬರೆದ ಮಾತುಗಳಲ್ಲಿ ಹೆಚ್ಚಿನವು ತುಳುವಿನಲ್ಲಿ ಆಡಿದವು. ನನಗೆ ಬರೆಯಲು ಬರುವುದು ಕನ್ನಡ, ಆದ್ದರಿಂದ ಕನ್ನಡದಲ್ಲಿ ಬರೆದಿದ್ದೇನೆ. ನಮ್ಮಂಥ ಮನೆಗಳಲ್ಲಿ ಅದು ಹಾಗೆಯೇ. ಜಗಳ, ಹಸಿವು, ತಮಾಷೆ ಎಲ್ಲ ತುಳುವಿನಲ್ಲಿ. ಪುಸ್ತಕ ತೆರೆದ ಕೂಡಲೇ ಬೆನ್ನು ನೆಟ್ಟಗಾಗಿ ಕನ್ನಡ. ಹೊಸ ಭಾಷೆಗೆ ಪುಸ್ತಕ ತೆರೆದಾಗಲೂ ನಾನು ಯೋಚಿಸದೆ ಕನ್ನಡದ ಬೆಂಚಿನ ಮೇಲೆ ಕುಳಿತೆ, ತಮ್ಮನನ್ನೂ ಕೂರಿಸಿದೆ. ಅವನು ಏಳನೆಯ ತರಗತಿಯಲ್ಲಿ ಕನ್ನಡದಲ್ಲೇ ಫೇಲಾಗಿ ಶಾಲೆ ಬಿಟ್ಟವನು. ಆಗ ಮನೆಯಲ್ಲಿ ಅವನಿಗೆ ಪಾಠ ಹೇಳಿಕೊಡುತ್ತಿದ್ದವಳು ನಾನು. ಅಡಿಕೋಲು ನನ್ನ ಕೈಯಲ್ಲಿರುತ್ತಿತ್ತು.

ಹನ್ನೊಂದನೆಯ ದಿನ, ಶನಿವಾರ, ನಾನು ಮೌಖಿಕ ಪರೀಕ್ಷೆ ಇಟ್ಟುಕೊಂಡೆ. ಪರೀಕ್ಷೆ ಎಂದೇ ಹೇಳಿದೆ. ಹೆಂಡತಿ ಹೊಲಿಗೆಯ ಮೆಷಿನ್ ತುಳಿಯುತ್ತಿದ್ದಳು.

"ಗಂಜಿ ಬೇಕು. ಹೇಳು," ಎಂದೆ.

"ಪಮು," ಎಂದ.

"ಸಾರು?"

"ಪಬು."

ಮೆಷಿನ್ ನಿಂತಿತು. "ಅಯ್ಯೋ ದೇವಾ," ಎಂದು ತಮ್ಮನ ಹೆಂಡತಿ ನಗಲು ಶುರು ಮಾಡಿದಳು. "ಅಕ್ಕಾ, ಇದು ತೊಟ್ಟಿಲ ಮಗುವಿನ ಮಾತು! ನಮ್ಮ ಚಿಕ್ಕ ಕಂಡಕ್ಟರ್‌ಗೆ ಮಮ್ಮು ಬೇಕಂತೆ, ಮಮ್ಮು!"

ಅವಳ ನಗುವಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಎಷ್ಟೋ ವಾರದಿಂದ ಅವಳು ನಕ್ಕಿರಲಿಲ್ಲ. ತಮ್ಮ ಸ್ಲೇಟು ತೆಗೆದುಕೊಂಡ. ಏನಾದರೂ ಬೇಕಾದರೆ ಅವನು ಬರೆದು ತೋರಿಸಲು ಅದು ಇಟ್ಟದ್ದು. "ನಾನು ಮಗು ಅಲ್ಲ," ಎಂದು ಬರೆದ. ಅಂಗೈಯಿಂದ ಒರೆಸಿದ. ಮತ್ತೆ ಬರೆದ: "ಒಮ್ಮೆ ಫೇಲ್ ಮಾಡಿದ್ದು ಸಾಕು ಅಕ್ಕ."

ನಾನು ಪಟವನ್ನು ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟೆ. ಅಡುಗೆಮನೆಗೆ ಹೋಗಿ ಬಹಳ ಹೊತ್ತು ಒಂದೇ ಲೋಟ ತೊಳೆದೆ. ಅವನ ಮಾತು ನಿಜವಾಗಿತ್ತು. ಮಗು ಮೊದಲು ಕಲಿಯುವುದು ತುಟಿಯ ಸದ್ದು: ಪಾಪ, ಮಾಮ, ಬೂವ. ನಾನು ಅವನಿಗೆ ತೊಟ್ಟಿಲನ್ನೂ ಶಾಲೆಯನ್ನೂ ಒಟ್ಟಿಗೆ ತಂದಿದ್ದೆ. ಅವನಿಗೆ ಅರುವತ್ತು ವರ್ಷ.

ಎರಡು ಭಾನುವಾರ ಹಾಗೆಯೇ ಕಳೆಯಿತು. ಮೂರನೆಯ ಭಾನುವಾರ ನಡೆದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ, ಹುರುಳಿ ಆರಿಸುವ ಗೆರಸೆ ನನ್ನ ಕೈಯಲ್ಲಿತ್ತು. ಡ್ರೈವರ್ ಫೋನಿನಲ್ಲಿ ಹಳೆಯ ಕತೆ ಹೇಳುತ್ತಿದ್ದರು.

"ನೆನಪುಂಟಾ, ಹಿಂದೆಯಿಂದ ಆ ಕೆಂಪು ಬಸ್ಸು ಬಂತಲ್ಲ, ನಮ್ಮ ಟೈಮಿಂಗ್ ಕದ್ದು? ನಾನು ಸ್ಟಾಪಲ್ಲಿ ನಿಲ್ಸಿದ್ದೆ. ನೀನು ಆಗ ಎರಡು ತಟ್ಟಿದ್ದಿ, ನಾನು ಹೊರಟೆ..."

ತಮ್ಮನ ಮುಖದಲ್ಲಿ ಅಸಹನೆ ಕಂಡಿತು. ತಪ್ಪು ಹೇಳುತ್ತಿದ್ದಾರೆ ಎಂಬ ಅಸಹನೆ. ಅವನು ಕೈ ಚಾಚಿ ಫೋನಿನ ಪಕ್ಕದಲ್ಲೇ ಮೇಜಿನ ಮೇಲೆ ಬೆರಳಗಂಟಿನಿಂದ ತಟ್ಟಿದ. ಟಕ್, ಟಕ್, ಟಕ್.

ಆ ಕಡೆ ಮಾತು ನಿಂತಿತು.

"ಹಾಂ! ಮೂರು!" ಎಂದು ಡ್ರೈವರ್ ಕೂಗಿದರು. "ಮೂರು ತಟ್ಟಿದ್ದಿ, ಹೌದು ಮಾರಾಯ, ಮೂರು! ಎರಡು ತಟ್ಟಿದ್ರೆ ಬರೀ ರೈಟ್ ಆಗ್ತಿತ್ತು. ಮೂರು ಅಂದ್ರೆ ಹಿಂದೆ ಬಂದ, ಓಡ್ಸು!"

ತಮ್ಮ ಎರಡು ಸಲ ತಟ್ಟಿದ. ಹೌದು.

ಅವರು ನಗುವುದು ಫೋನಿನಲ್ಲಿ ಬಹಳ ಹೊತ್ತು ಕೇಳಿತು. ಆಮೇಲೆ ಪ್ರಶ್ನೆ ಕೇಳಲು ಶುರು ಮಾಡಿದರು, ತಮ್ಮ ತಟ್ಟಲು. ಒಂದು ತಟ್ಟು ಎಂದರೆ ನಿಲ್ಲಿಸು, ಇಲ್ಲ, ಬೇಡ. ಎರಡು ಎಂದರೆ ಹೋಗು, ಹೌದು, ಸರಿ. ಬಸ್ಸಿನ ಹಿಂದಿನ ಬಾಗಿಲಲ್ಲಿ ಒಬ್ಬ, ಮುಂದೆ ಎಂಜಿನಿನ ಸದ್ದಿನಲ್ಲಿ ಒಬ್ಬ, ನಡುವೆ ಐವತ್ತು ಜನ. ಇಪ್ಪತ್ತು ವರ್ಷ ಅವರು ಮಾತಾಡಿದ್ದು ಸೀಟಿಯಿಂದ ಮತ್ತು ತಗಡಿನ ಮೇಲೆ ಕೈಯಿಂದ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಬಸ್ಸಿನಲ್ಲಿ ಹೋಗುವ ಯಾರಿಗೂ ಗೊತ್ತಿರುವ ವಿಷಯ. ಅದನ್ನು ಭಾಷೆ ಎಂದು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಎದ್ದು ಬಂದಾಗ ಪಟ ಚಾವಡಿಯ ನೆಲದ ಮೇಲೆ ಬಿಚ್ಚಿ ಬಿದ್ದಿತ್ತು. ತಮ್ಮ ಅದರ ಪಕ್ಕದಲ್ಲಿ ಕುಳಿತು, ಹೆಂಡತಿಯ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಅಕ್ಷರಗಳನ್ನು ಹೊಡೆದು ಹಾಕುತ್ತಿದ್ದ. ಚ ಸಾಲು, ಟ ಸಾಲು, ತ ಸಾಲು ಹೋಗಿತ್ತು. ನಾನು ಸೇರಿಸಿದ್ದ ಖ, ಘ, ಭ ಎಲ್ಲ ಹೋಗಿತ್ತು. ಆದರೆ ಒಂದು ಅಕ್ಷರವನ್ನು ಅವನು ಬಿಟ್ಟಿದ್ದ. ಕ ಸಾಲಿನ ಕೊನೆಯ ಙ.

"ಅದರಲ್ಲಿ ಪದ ಇಲ್ಲ ಮಾರಾಯ," ಎಂದೆ. ಪಟದಲ್ಲೂ ಆ ಚೌಕಕ್ಕೆ ಚಿತ್ರ ಇಲ್ಲ. ಮಕ್ಕಳಿಗೆ ಅದನ್ನು ತೋರಿಸಿ ಮುಂದೆ ಹೋಗುತ್ತಿದ್ದೆ.

ಅವನು ನನ್ನನ್ನು ನೋಡಿ, "ಗಾಙ್," ಎಂದ. ದೊಡ್ಡ ಪಾತ್ರೆಗೆ ಬಡಿದಂತೆ ಚಾವಡಿ ತುಂಬ ನಿಂತಿತು ಆ ಸದ್ದು. ಮಗು ಆಡುವ ಸದ್ದಲ್ಲ ಅದು. ಸ್ಲೇಟಿನಲ್ಲಿ ಬರೆದ: "ಬಸ್ಸು."

ಹಾಗೆ ನಮ್ಮ ಎಂಟನೆಯ ವ್ಯಂಜನ ಬಂತು.

ಆಮೇಲಿನ ಎರಡು ತಿಂಗಳು ಮನೆಯಲ್ಲಿ ಖುಷಿಯಿತ್ತು. ನಿಯಮ ಹಾಕುವವನು ಅವನು, ಬರೆದುಕೊಳ್ಳುವವಳು ನಾನು. ಒಂದೇ ವ್ಯಂಜನ ಎರಡು ಸಲ ಬರಬಾರದು, ತೊಟ್ಟಿಲು ನೆನಪಾಗುತ್ತದೆ. ಪ್ರತಿ ಪದದಲ್ಲಿ ಒಂದಾದರೂ ಗಂಟಲಿನ ಸದ್ದು ಇರಬೇಕು: ಕ, ಗ ಅಥವಾ ಙ. ಪದದ ಕೊನೆಯಲ್ಲಿ ಬೇಕಾದರೆ ತುಟಿ ದುಂಡಾಗಿಸದೆ ಹೇಳುವ ತುಳುವಿನ ಅರ್ಧ ಉಕಾರ ಬರಬಹುದು. ಅದಕ್ಕೆ ಪಟದಲ್ಲಿ ಅಕ್ಷರವೇ ಇಲ್ಲ. ನೋಟ್ ಪುಸ್ತಕದಲ್ಲಿ ನಾನು ಒಂದು ಚುಕ್ಕೆ ಇಟ್ಟೆ. ಇನ್ನೊಂದು ನಿಯಮವನ್ನು ಅವನು ಸ್ಲೇಟಿನಲ್ಲಿ ಮೂರು ಸಲ ಬರೆದು ಒರೆಸಿ ವಿವರಿಸಬೇಕಾಯಿತು. ಬಸ್ಸಿನಲ್ಲಿ ಹತ್ತಿರ ಹತ್ತಿರದ ಎರಡು ಸ್ಟಾಪಿನ ಹೆಸರನ್ನು ಒಂದೇ ರಾಗದಲ್ಲಿ ಕೂಗಿದರೆ ಜನ ತಪ್ಪು ಕಡೆ ಇಳಿಯುತ್ತಾರೆ. ಆದ್ದರಿಂದ ಒಂದನ್ನು ಏರಿಸಿ ಕೂಗಬೇಕು, ಇನ್ನೊಂದನ್ನು ಇಳಿಸಿ. ಹೆಸರು ಪೂರ್ತಿ ಯಾರಿಗೂ ಕೇಳುವುದಿಲ್ಲ, ರಾಗ ಕೇಳುತ್ತದೆ. ನಾನು ಒಂದೇ ಜಾತಿಯ ವಸ್ತುಗಳಿಗೆ ಒಂದೇ ಜಾತಿಯ ಹೆಸರಿಟ್ಟಿದ್ದೆ. ಅವನು ತಿರುಗಿಸಿದ: ಹತ್ತಿರದ ವಸ್ತುವಿಗೆ ದೂರದ ಸದ್ದು. ಬಂಗುಡೆ ಮೀನು ಬೆಗು, ಕೆಳಗಿಳಿಯುವ ರಾಗ. ಬೂತಾಯಿ ಮೀನು ಕಮಾ, ಏರುವ ರಾಗ. ಗಂಜಿ ಕೇವ. ನೀರು ಹೊಙ್.

ಪರೀಕ್ಷೆ ಮಾಡುವವಳು ತಮ್ಮನ ಹೆಂಡತಿ. ಅವಳು ಬೆನ್ನು ತಿರುಗಿಸಿ ಮೆಷಿನ್ ತುಳಿಯಬೇಕು, ಅವನು ಬಾಗಿಲಿನಿಂದ ಪದ ಹೇಳಬೇಕು. ಮೆಷಿನಿನ ಸದ್ದಿನಲ್ಲೂ ಕೇಳಿ ಅವಳು ಸರಿಯಾದ ವಸ್ತು ತಂದರೆ ಪದ ಉಳಿಯಿತು. ಇಲ್ಲದಿದ್ದರೆ ನಾನು ಅಡ್ಡಗೆರೆ ಎಳೆಯುತ್ತಿದ್ದೆ.

"ಎಂತ ಅಂದ್ರಿ? ಕೊಡೆಯಾ, ಬಕೆಟಾ?" ಎಂದು ಅವಳು ಎರಡನ್ನೂ ಹಿಡಿದು ನಿಲ್ಲುವಳು.

ಅವನು ಬಾಗಿಲಿಗೆ ಒಂದು ತಟ್ಟುವನು.

"ಎರಡೂ ಅಲ್ವಾ? ಹಾಗಾದ್ರೆ ನೀವೇ ಎದ್ದು ತಕ್ಕೊಳ್ಳಿ. ಇಪ್ಪತ್ತೆಂಟು ವರ್ಷ ಮಂಗಳೂರಿನವರನ್ನೆಲ್ಲ ದುಂಬು ಪೋಲೆ, ದುಂಬು ಪೋಲೆ ಅಂತ ಮುಂದೆ ದೂಡಿದ್ರಲ್ಲ, ಈಗ ನೀವೇ ಸ್ವಲ್ಪ ಮುಂದೆ ಹೋಗಿ!"

ಅವನ ನಗು ಮೊದಲಿನ ಹಾಗೆಯೇ ಇತ್ತು. ನಗಲು ನಾಲಗೆಯ ತುದಿ ಬೇಡ ಎಂಬುದನ್ನು ನಾನು ಆಗ ಗಮನಿಸಿದೆ.

ಆಸ್ಪತ್ರೆಯ ಡಾಕ್ಟರಮ್ಮನಿಗೆ ನೋಟ್ ಪುಸ್ತಕ ತೋರಿಸಿದೆವು. ಅವರು ತುಂಬ ಹೊತ್ತು ಪುಟ ತಿರುವಿ, "ಇದು ಇರ್ಲಿ, ಒಳ್ಳೆದೇ. ಆದ್ರೆ ವ್ಯಾಯಾಮ ಬಿಡ್ಬಾರ್ದು," ಎಂದರು. ಅವನು ಮೇಜಿಗೆ ಎರಡು ತಟ್ಟಿದ. ಮತ್ತೆ ವ್ಯಾಯಾಮ ಶುರು ಮಾಡಿದ. ಈಗಲೂ ಮಾಡುತ್ತಾನೆ.

ಆದರೆ ಜೆಪ್ಪು ಬಾಕಿ ಇತ್ತು. ಮನೆಯೊಳಗೆ ನೂರ ನಲವತ್ತು ಪದ ಆಡುವವನು ಗೇಟಿನಾಚೆ ಒಂದನ್ನೂ ಆಡುತ್ತಿರಲಿಲ್ಲ. ಪ್ರತಿ ಭಾನುವಾರ ಡ್ರೈವರ್ ಫೋನಿನ ಕೊನೆಗೆ ಕೇಳುತ್ತಿದ್ದರು: "ಬರ್ತೀಯಾ ಇಲ್ವಾ? ಒಂದಾ, ಎರಡಾ?" ತಮ್ಮ ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ತಟ್ಟದೆ ಕೂರುತ್ತಿದ್ದ. ಒಂದು ತಟ್ಟಿದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ನವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಅವನು ತಟ್ಟಿದ. ಒಂದು. ಸ್ವಲ್ಪ ತಡೆದು, ಇನ್ನೊಂದು.

"ಅದು ಎರಡು ಒಂದಾ, ಒಂದು ಎರಡಾ?" ಎಂದು ಡ್ರೈವರ್ ಕೇಳಿದರು.

ತಮ್ಮ ಫೋನಿಗೆ ಬಾಗಿ, "ಗಾಙ್," ಎಂದ. ಡ್ರೈವರಿಗೆ ಆ ಪದದ ಅರ್ಥ ಗೊತ್ತಿರಲು ಸಾಧ್ಯವಿಲ್ಲ. "ಬಾ ಬಾ, ಬಸ್ಸಲ್ಲೇ ಬಾ," ಎಂದರು ಅವರು.

ನಾನು ಜತೆಗೆ ಹೋದೆ. ಅವನು ಬೇಡ ಎಂದು ಒಂದು ತಟ್ಟಿದ್ದ, ಹೆಂಡತಿ ಕೇಳಲಿಲ್ಲ. ಮಾರುಕಟ್ಟೆಯ ಎದುರು ಬಸ್ಸು ಹತ್ತಿದೆವು. ಹೆಂಗಸರ ಸೀಟು ಮುಂದೆ, ಹಾಗಾಗಿ ನಾನು ಮುಂದೆ ಹೋದೆ. ಅವನು ಹಿಂದಿನ ಬಾಗಿಲ ಹತ್ತಿರವೇ, ಕಂಬಕ್ಕೆ ಭುಜ ಕೊಟ್ಟು ನಿಂತ. ಆ ಜಾಗ ಅವನದೇ ಎಂಬ ಹಾಗೆ. ನಾನು ಕುತ್ತಿಗೆ ತಿರುಗಿಸಿ ನೋಡುತ್ತಿದ್ದೆ. 

ನಲವತ್ತರ ಸುಮಾರಿನ ಕಂಡಕ್ಟರ್ ಮುಂದೆ ಟಿಕೆಟ್ ಹರಿದು ಮುಗಿಸಿ ಹಿಂದೆ ಹೋದ. "ಎಲ್ಲಿಗೆ?" ಎಂದು ಕೇಳಿದ್ದು ಬಾಯಿಯ ಆಕಾರದಿಂದ ತಿಳಿಯಿತು.

ತಮ್ಮ ಬಾಯಿ ತೆರೆದ. ಅದು ನನ್ನವರೆಗೆ ಕೇಳಿತು. "ಎಪ್ಪೂ ಎಪ್ಪು."

ಜ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಮೊದಲನೆಯದನ್ನು ಉದ್ದಕ್ಕೆ ಎಳೆದು, ಎರಡನೆಯದನ್ನು ಮೊಟಕಾಗಿ ಕಡಿಯುವ ಆ ರಾಗ, ಜೆಪ್ಪು ಬಸ್ಸಿನ ಬಾಗಿಲಲ್ಲಿ ಅವನು ವರ್ಷಗಟ್ಟಲೆ ಕೂಗಿದ ರಾಗ. ಕಂಡಕ್ಟರ್ ತಲೆ ಎತ್ತದೆ ಟಿಕೆಟ್ ಹರಿದು ಕೊಟ್ಟ. ಅಷ್ಟೇ. ಜನ ಮಾತಾಡುತ್ತಿದ್ದರು, ಯಾರದೋ ಫೋನಿನಲ್ಲಿ ಹಾಡು ಬರುತ್ತಿತ್ತು. ನಾನು ಮುಂದೆ ತಿರುಗಿ ಕಿಟಕಿಯ ಸರಳು ಹಿಡಿದುಕೊಂಡೆ.

ಫಳ್ನೀರಿನಲ್ಲಿ ಕೈಯಲ್ಲಿ ಎಕ್ಸ್‌ರೇಯ ದೊಡ್ಡ ಲಕೋಟೆ ಹಿಡಿದ ಅಜ್ಜಿಯೊಬ್ಬರು ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದರು. ಒಂದು ಕಾಲು ಇನ್ನೂ ಮೆಟ್ಟಿಲಲ್ಲಿತ್ತು. ಕಂಡಕ್ಟರ್ ನಡುವಿನಲ್ಲಿ ಚಿಲ್ಲರೆ ಕೊಡುತ್ತಾ ಅತ್ತ ನೋಡದೆ ಎರಡು ಸೀಟಿ ಊದಿದ. ಬಸ್ಸು ಅಲುಗಿತು. ಆಗ ತಗಡಿನ ಮೇಲೆ ಒಂದೇ ಒಂದು ಹೊಡೆತ ಬಿತ್ತು. ಅಂಗೈ ಚಪ್ಪಟೆ ಮಾಡಿ ಹೊಡೆದದ್ದು, ಗಟ್ಟಿಯಾಗಿ, ಅನುಮಾನವಿಲ್ಲದೆ. ಆ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ.

"ಯಾರು ತಟ್ಟಿದ್ದು?" ಎಂದು ಕಂಡಕ್ಟರ್ ತಿರುಗಿದ. ಅಜ್ಜಿ ಇಳಿದು ಲಕೋಟೆ ಸರಿಮಾಡಿಕೊಳ್ಳುವುದನ್ನು ನೋಡಿದ. ತಮ್ಮನನ್ನು ನೋಡಿದ, ಅವನ ಕೈ ತಗಡಿನ ಮೇಲೆ ಇದ್ದ ರೀತಿಯನ್ನೂ ನೋಡಿದ. "ಬಸ್ ಲೈನಿನವರಾ ಅಣ್ಣ?"

ತಮ್ಮ ಬಾಗಿಲಾಚೆ ಕತ್ತು ಹಾಕಿ ಹಿಂದೆ ಮುಂದೆ ನೋಡಿದ. ಎರಡು ತಟ್ಟಿದ. ಬಸ್ಸು ಹೊರಟಿತು.

ಜೆಪ್ಪುವಿನಲ್ಲಿ ಡ್ರೈವರರ ಮನೆಯ ಜಗಲಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಟ್ಟಿದ್ದರು. ನನಗೆ ಒಳಗಿನಿಂದ ಮೂರನೆಯದು ಬಂತು. ಹೇಗೆ ಮಾತು ಶುರುವಾದೀತು ಎಂದು ನಾನು ನೋಟ್ ಪುಸ್ತಕವನ್ನು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದೆ, ಅರ್ಥ ಹೇಳಲು. ಅದು ಬೇಕಾಗಲಿಲ್ಲ. ತಮ್ಮ ಕುರ್ಚಿಯ ಕೈಗೆ ತಟ್ಟಿ, "ಹೊಙ್," ಎಂದ. ಡ್ರೈವರ್ ಒಳಗೆ ತಿರುಗಿ, "ನೀರು ತಾ ಮಾರಾಯ್ತಿ," ಎಂದು ಹೆಂಡತಿಗೆ ಕೂಗಿದರು. ಹೇಗೆ ತಿಳಿಯಿತು ಎಂದು ಕೇಳಿದೆ. ನನ್ನ ಪ್ರಶ್ನೆಯನ್ನು ಮೂರು ಸಲ ಹೇಳಬೇಕಾಯಿತು.

"ಬಿಸಿಲಲ್ಲಿ ಬಂದವ ಮತ್ತೆ ಎಂತ ಕೇಳ್ತಾನೆ ಟೀಚರೇ?" ಎಂದರು. ಆಮೇಲೆ ಹೇಳಿದರು: "ನಿಮ್ಮ ಮಾತು ನಂಗೆ ಪಿಸಿಪಿಸಿ ಅಂತ ಮಾತ್ರ ಕೇಳುದು. ಇವಂದು ನೆಟ್ಟಗೆ ಬಂದು ಬಡೀತದೆ."

ಮನೆಗೆ ಬಂದು ಬಾಯಮ್ಮನನ್ನು ಕೇಳಿದೆ. ಗದ್ದಲದಲ್ಲಿ ಕೆಲಸ ಮಾಡಿ ಕಿವಿ ಹೋದವರಿಗೆ ಮೊದಲು ಕೇಳದಾಗುವುದು ಸ, ಶ, ತ, ಚ ಇಂಥ ತೆಳ್ಳಗಿನ ಸದ್ದು. ದಪ್ಪ ಸದ್ದು ಉಳಿದಿರುತ್ತದೆ ಎಂದರು ಅವರು. ಎಲ್ಲರಿಗೂ ಹಾಗೆಯೇ ಎಂದು ನಾನು ಹೇಳಲಾರೆ. ಈ ಇಬ್ಬರಲ್ಲಿ ನಾನು ಕಂಡದ್ದು ಇಷ್ಟು: ಒಬ್ಬನ ಬಾಯಿಂದ ಹೋದದ್ದರಲ್ಲಿ ಹೆಚ್ಚಿನದು ಇನ್ನೊಬ್ಬರ ಕಿವಿಯಿಂದಲೂ ಹೋಗಿತ್ತು. ಇಬ್ಬರಲ್ಲೂ ಉಳಿದದ್ದು ಅದೇ ಎಂಟು ವ್ಯಂಜನ.

ಆ ದಿನ ಅವರು ಒಂದೂವರೆ ಗಂಟೆಯವರೆಗೆ ಕುಳಿತಿದ್ದರು. ಚಾ ಬಂತು, ಆರಿತು. ಡ್ರೈವರರ ಹೆಂಡತಿ ಎರಡು ಸಲ ಬಂದು, "ಕುಡೀರಿ, ಕುಡೀರಿ," ಎಂದು ಬೈದು ಹೋದರು. ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ. ಆ ಹೊತ್ತಿಗೆ ಅವರ ನಡುವೆ ನನ್ನ ಪುಸ್ತಕದಲ್ಲಿಲ್ಲದ ಒಂದು ಪದ ಹುಟ್ಟಿತ್ತು. ತಮ್ಮ "ಕೋಙಬು" ಎಂದ. ಡ್ರೈವರ್ ತಡಮಾಡದೆ "ಕೋಙಬು, ಕೋಙಬು!" ಎಂದು ತೊಡೆ ತಟ್ಟಿ ನಕ್ಕರು. ಇಬ್ಬರೂ ಒಮ್ಮೆ ನನ್ನ ಕಡೆ ನೋಡಿ ಮತ್ತೆ ನಕ್ಕರು.

ಹಿಂದೆ ಬರುವಾಗ ಸ್ಟಾಪಿನಲ್ಲಿ ನಿಂತು ಅದರ ಅರ್ಥ ಕೇಳಿದೆ. ತಮ್ಮ ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ನನ್ನ ಚೀಲದ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದ.

ಈಗ ಅವನು ಪ್ರತಿ ಭಾನುವಾರ ಒಬ್ಬನೇ ಹೋಗುತ್ತಾನೆ. ಏನು ಮಾತಾಡಿದಿರಿ ಎಂದು ನಾನು ಕೇಳುವುದಿಲ್ಲ. ನೋಟ್ ಪುಸ್ತಕದಲ್ಲಿ ಕೋಙಬು ಎಂದು ಬರೆದು, ಎದುರಿಗೆ ಅರ್ಥದ ಜಾಗ ಖಾಲಿ ಬಿಟ್ಟಿದ್ದೇನೆ.